ಉಪ್ಪು ಕಮ್ಮಿ ಅಂದಿದ್ದಕ್ಕೆ

ಕಳೆದ ತಿಂಗಳು ಒಂದು ಮಂಗಳವಾರ ರಾತ್ರಿ ಒಂದು ಪಾತ್ರೆ ಬಸ್ಸಾರನ್ನು ನಾನು ಸಿಂಕಿಗೆ ಸುರಿದೆ. ಹುರುಳಿಕಾಳಿನ ಬಸ್ಸಾರು. ಸಂಜೆ ಆಫೀಸಿನಿಂದ ಬಂದು, ಕಾಳು ಬೇಯಿಸಿ, ಕಟ್ಟು ಬಸಿದು, ಮಸಾಲೆ ರುಬ್ಬಿ, ಒಗ್ಗರಣೆ ಹಾಕಿ ಮಾಡಿದ್ದು. ಮನೆಯವರು ಮುದ್ದೆ ಮುರಿದು ಒಂದು ತುತ್ತು ನುಂಗಿ, "ಉಪ್ಪು ಸ್ವಲ್ಪ ಕಮ್ಮಿ ಅಲ್ವಾ?" ಅಂದರು. ತಪ್ಪು ಹುಡುಕುವ ದನಿಯೇನೂ ಅಲ್ಲ. ದಿನಾ ಹೇಳುವ ಮಾತು, ನಾನೂ ಎಷ್ಟೋ ಸಲ ಹೇಳಿದ್ದೇನೆ. ನಾನು ಎದ್ದೆ, ಮಸಿಬಟ್ಟೆಯಲ್ಲಿ ಪಾತ್ರೆ ಹಿಡಿದೆ, ಪೂರ್ತಿ ಸುರಿದೆ. ಕಾಳುಗಳು ಜಾಲರಿ ಮೇಲೆ ಉಳಿದವು. ಖಾಲಿ ಪಾತ್ರೆಯನ್ನು ಕಟ್ಟೆಯ ಮೇಲೆ ಕುಕ್ಕಿದ ಸದ್ದು ನನಗೇ ಜೋರಾಗಿ ಕೇಳಿತು. ಅವರು ಏನೂ ಅನ್ನಲಿಲ್ಲ. ಫ್ರಿಜ್ಜಿನಿಂದ ಮೊಸರು ತೆಗೆದು ಮುದ್ದೆಗೆ ಹಾಕಿಕೊಂಡರು. ಒಂಬತ್ತನೇ ಕ್ಲಾಸಿನ ಮಗಳು ಮಾತ್ರ ತಟ್ಟೆಯಲ್ಲಿ ಕೈ ಇಟ್ಟುಕೊಂಡೇ ನನ್ನನ್ನು ನೋಡಿ, "ಇಷ್ಟಕ್ಕೆಲ್ಲ ಯಾಕಮ್ಮಾ ಸಡನ್ನಾಗಿ ಹಿಂಗಾಡ್ತೀಯ?" ಅಂದಳು.

ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ. ನಿಜವಾಗಲೂ ತಿಳಿದುಕೊಳ್ಳಬೇಕು ಅನ್ನೋ ಹಾಗೆ ಕೇಳಿದಳು. ಅದಕ್ಕೇ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪಾತ್ರೆ ತೊಳೆಯುವಾಗ, ಬೆಳಿಗ್ಗೆ ಬಸ್ಸಿನಲ್ಲಿ, ಕಾಲೇಜಿನ ಫೀಸ್ ಕೌಂಟರಿನಲ್ಲಿ ರಸೀದಿ ಹರಿಯುವಾಗ ಅದೇ ಪದ. ಸಡನ್ನಾಗಿ. ಎರಡು ದಿನ ನಾನೂ ಅದನ್ನೇ ನಂಬಿದ್ದೆ. ಉಪ್ಪು ಕಮ್ಮಿ ಅಂದಿದ್ದಕ್ಕೆ ಒಂದು ಪಾತ್ರೆ ಸಾರು ಚೆಲ್ಲುವ ಹೆಂಗಸು ನಾನು, ನನ್ನ ತಲೆಯಲ್ಲಿ ಏನೋ ಸರಿ ಇಲ್ಲ ಅಂದುಕೊಂಡಿದ್ದೆ.

ಮೂರನೇ ದಿನ ಹರಿದಿಟ್ಟಿದ್ದ ಹಳೇ ಕ್ಯಾಲೆಂಡರ್ ಹಾಳೆಯ ಹಿಂಭಾಗದಲ್ಲಿ ಆ ಮಂಗಳವಾರವನ್ನು ಕೆಳಗಿನಿಂದ ಮೇಲಕ್ಕೆ ಬರೆಯುತ್ತಾ ಹೋದೆ. ಎಲ್ಲಕ್ಕಿಂತ ಕೆಳಗೆ ಉಪ್ಪು. ಅದರ ಮೇಲೆ, ರುಬ್ಬುವಾಗ ಕರೆಂಟ್ ಹೋಗಿದ್ದು. ಅದರ ಮೇಲೆ, ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದು. ಇವೆಲ್ಲ ದಿನಾ ಇರುವವೇ. ಇನ್ನೂ ಮೇಲಕ್ಕೆ ಹೋದಾಗ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಣ್ಣನ ಫೋನು. ಅಲ್ಲಿ ಪೆನ್ನು ನಿಂತಿತು.

ನಮ್ಮ ತವರು ನರಸಾಪುರದ ಕಡೆ. ಅಲ್ಲಿ ಕೈಗಾರಿಕಾ ಪ್ರದೇಶ ಬಂದ ಮೇಲೆ ಸುತ್ತಮುತ್ತಲ ಜಮೀನಿನ ಬೆಲೆ ಏನಾಯಿತು ಅಂತ ಕೋಲಾರದವರಿಗೆ ನಾನು ಹೇಳಬೇಕಾಗಿಲ್ಲ. ಅಪ್ಪನ ಜಮೀನಿನಲ್ಲಿ ನನ್ನ ಪಾಲು ಬಿಟ್ಟುಕೊಡುವ ವಿಷಯಕ್ಕೆ ಅಣ್ಣ ಹೇಳಿದ್ದು ಇಷ್ಟೇ: "ಯುಗಾದಿ ಕಳೆದ ಮೇಲೆ ಒಂದಿನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಸೈನ್ ಹಾಕಿ ಹೋಗಮ್ಮ. ಆಧಾರ್ ಕಾರ್ಡು, ಎರಡು ಫೋಟೋ ತಗೊಂಬಾ. ಅರಿಶಿನ ಕುಂಕುಮಕ್ಕೆ ಅಂತ ಏನೋ ಕೊಡ್ತೀವಿ." ನಾನು "ಆಯ್ತಣ್ಣ" ಅಂದೆ. ಕೌಂಟರ್ ಮುಂದೆ ಹುಡುಗರು ಸಾಲಾಗಿ ನಿಂತಿದ್ದರು. ಫೋನ್ ಇಟ್ಟು ಮುಂದಿನ ರಸೀದಿ ಬರೆದೆ. ಆಗ ನನಗೆ ಸಿಟ್ಟು ಬಂದಿತ್ತಾ ಅಂತ ಕೇಳಿದರೆ, ಇಲ್ಲ ಅಂತಲೇ ಹೇಳುತ್ತಿದ್ದೆ.

ದುತ್ತ ಮತ್ತು ಕೊತ್ತಿ

ನಮ್ಮ ಜಿಲ್ಲೆಯಲ್ಲಿ ಗಾದೆಗಳೂ ಎರಡು ಭಾಷೆಯಲ್ಲಿ ಓಡಾಡುತ್ತವೆ. ಅಜ್ಜಿ ತೆಲುಗಿನಲ್ಲಿ "ಅತ್ತ ಮೀದ ಕೋಪಂ ದುತ್ತ ಮೀದ" ಅನ್ನುತ್ತಿದ್ದರು. ದುತ್ತ ಅಂದರೆ ಮಡಕೆ. ಅತ್ತೆಯ ಮೇಲಿನ ಕೋಪ ಮಡಕೆ ಮೇಲೆ. ಕನ್ನಡದಲ್ಲಿ ಅದೇ ಗಾದೆ ಬಂದಾಗ ಮಡಕೆ ಹೋಗಿ ಕೊತ್ತಿ ಬಂದಿದೆ, ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಎರಡರಲ್ಲೂ ಅತ್ತೆ ಬದಲಾಗಿಲ್ಲ. ಅಂದರೆ ಸಿಟ್ಟು ಬಂದಿರೋದು ಸೊಸೆಗೆ ಅಂತ ಗಾದೆ ಕಟ್ಟಿದವರಿಗೇ ಗೊತ್ತಿತ್ತು. ಅದು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಲಾರದೆ ಕೈಗೆ ಸಿಕ್ಕಿದ್ದರ ಮೇಲೆ ಬೀಳುತ್ತದೆ ಅಂತಲೂ ಗೊತ್ತಿತ್ತು. ಆದರೂ ನಾವು ಈ ಗಾದೆ ಹೇಳೋದು ಸೊಸೆಯನ್ನು ಸುಮ್ಮನಾಗಿಸೋಕೆ. ಅತ್ತೆ ಏನು ಮಾಡಿದಳು ಅಂತ ಕೇಳೋಕೆ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಬಸ್ಸಾರಿನ ಪಾತ್ರೆ ನನ್ನ ದುತ್ತ. ಅಣ್ಣನ ಮೇಲಿನ ಸಿಟ್ಟು ಒಂಬತ್ತು ಗಂಟೆ ಕಾದು, ನಾನೇ ಮಾಡಿದ ಅಡುಗೆಯ ಮೇಲೆ ಬಿತ್ತು. ಸುರಿದಿದ್ದು ಯಾರ ದುಡಿಮೆ ಅಂತ ನೋಡಿದರೆ ನನ್ನದೇ. ಇದು ನನ್ನೊಬ್ಬಳ ಕತೆಯಲ್ಲ. ಸಿಟ್ಟು ಬಂದ ಹೆಂಗಸು ಏನು ಮಾಡುತ್ತಾಳೆ ಅಂತ ನಮ್ಮ ಕೇರಿಯಲ್ಲೇ ನೋಡಿ. ಊಟ ಬಿಡುತ್ತಾಳೆ. ಹೊಸ ಸೀರೆ ಹರಿಯುತ್ತಾಳೆ. ಬಳೆ ಒಡೆದುಕೊಳ್ಳುತ್ತಾಳೆ. ಇರುವ ಒಂದು ಕೆಲಸ ಬಿಟ್ಟು ಬರುತ್ತಾಳೆ. ತನ್ನ ಮಗುವಿಗೆ ಹೊಡೆಯುತ್ತಾಳೆ. ಹೆಚ್ಚಿನ ಸಲ ಹಾಳಾಗೋದು ಅವಳದ್ದೇ.

ಹೆಂಗಸರ ಸಿಟ್ಟಿಗೆ ನಮ್ಮಲ್ಲಿ ಹೆಸರುಗಳಿಗೇನೂ ಕೊರತೆ ಇಲ್ಲ. ಬಜಾರಿ, ಗಯ್ಯಾಳಿ, ಚಂಡಿ. ಗಂಡಸಿಗೆ ಬಂದರೆ ಅದೇ ಸಿಟ್ಟಿನ ಜೊತೆಗೆ ಒಂದು ಸಮಾಧಾನದ ಮಾತೂ ಬರುತ್ತದೆ: "ಅವನಿಗೆ ಕೋಪ ಜಾಸ್ತಿ, ಆದ್ರೆ ಮನಸ್ಸು ಬೆಣ್ಣೆ." ಅಮೆರಿಕದಲ್ಲಿ ವಿಕ್ಟೋರಿಯಾ ಬ್ರೆಸ್ಕಾಲ್ ಮತ್ತು ಎರಿಕ್ ಉಲ್ಮನ್ ಅನ್ನೋ ಇಬ್ಬರು ಸಂಶೋಧಕರು 2008ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಕೆಲಸದ ವಿಷಯದಲ್ಲಿ ಸಿಟ್ಟು ತೋರಿಸಿದ ಗಂಡಸಿಗೆ ನೋಡುಗರು ಹೆಚ್ಚು ಗೌರವ ಕೊಟ್ಟರು, ಸಿಟ್ಟು ತೋರಿಸಿದ ಹೆಂಗಸಿಗೆ ಕಡಿಮೆ. ಕಾರಣದಲ್ಲೂ ವ್ಯತ್ಯಾಸ ಇತ್ತು. ಗಂಡಸಿಗೆ ಸಿಟ್ಟು ಬಂದರೆ ಹೊರಗೆ ಏನೋ ನಡೆದಿರಬೇಕು ಅಂದುಕೊಂಡರು. ಹೆಂಗಸಿಗೆ ಬಂದರೆ ಅವಳ ಸ್ವಭಾವವೇ ಹಾಗೆ ಅಂದುಕೊಂಡರು. ಇದನ್ನು ಓದಿದಾಗ ನಮ್ಮ ಮನೆಯ ಜಗಲಿ ಮೇಲಿನ ಮಾತುಗಳೇ ಕಿವಿಗೆ ಬಿದ್ದ ಹಾಗಾಯಿತು.

ಹೆಂಗಸರು ದುಡುಕೋದು ಜಾಸ್ತಿ ಅನ್ನೋ ನಂಬಿಕೆಗೂ ಆಧಾರ ಇಲ್ಲ. ಜಾನ್ ಆರ್ಚರ್ ಅನ್ನೋ ಬ್ರಿಟಿಷ್ ಮನಶ್ಶಾಸ್ತ್ರಜ್ಞ 2004ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದಾಗ, ಸಿಟ್ಟು ಬರುವುದರಲ್ಲಿ ಗಂಡಸರಿಗೂ ಹೆಂಗಸರಿಗೂ ವ್ಯತ್ಯಾಸ ಕಾಣಲಿಲ್ಲ. ಕೈ ಮಾಡುವುದರಲ್ಲಿ ಮಾತ್ರ ಗಂಡಸರು ಮುಂದಿದ್ದರು. 2011ರಲ್ಲಿ ಕ್ಯಾಥರಿನ್ ಕ್ರಾಸ್, ಲೀ ಕಾಪಿಂಗ್, ಆನ್ ಕ್ಯಾಂಪ್‌ಬೆಲ್ ಸೇರಿ 277 ಅಧ್ಯಯನಗಳನ್ನು ಒಟ್ಟು ಹಾಕಿ ದುಡುಕುತನವನ್ನು ಅಳೆದರು. ಅಪಾಯ, ರೋಮಾಂಚನ ಹುಡುಕಿಕೊಂಡು ಹೋಗುವುದರಲ್ಲಿ ಗಂಡಸರು ಮುಂದೆ. ತನ್ನನ್ನು ತಾನು ಹಿಡಿದುಕೊಳ್ಳುವ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ದುಡುಕು ಅಂತ ನಾವು ಒಂದೇ ಹೆಸರಲ್ಲಿ ಕರೆಯೋದು ಒಂದೇ ಗುಣವೂ ಅಲ್ಲ. 2001ರಲ್ಲಿ ವೈಟ್‌ಸೈಡ್ ಮತ್ತು ಲೈನಮ್ ಅನ್ನುವವರು ಅದನ್ನು ನಾಲ್ಕಾಗಿ ಬಿಡಿಸಿದರು. ಮುಂದಾಲೋಚನೆ ಇಲ್ಲದಿರೋದು ಒಂದು. ಹಿಡಿದ ಕೆಲಸ ಮುಗಿಸದೆ ಬಿಡೋದು ಒಂದು. ರೋಮಾಂಚನ ಹುಡುಕೋದು ಒಂದು. ನಾಲ್ಕನೆಯದಕ್ಕೆ ಅವರು ಇಟ್ಟ ಹೆಸರು ಅರ್ಜೆನ್ಸಿ. ಒಳಗಿನ ಸಂಕಟ ತಡೆಯೋಕಾಗದೆ, ಈಗಲೇ ಏನಾದರೂ ಮಾಡಿ ಇದರಿಂದ ಹೊರಬರಬೇಕು ಅನ್ನೋ ತುರ್ತು. ನಾನು ಲೆಕ್ಕಪತ್ರದ ಕೆಲಸದವಳು. ಹತ್ತು ರೂಪಾಯಿಗೂ ರಸೀದಿ ಇಡುವವಳು, ಹಾಲಿನ ಲೆಕ್ಕ ಇಪ್ಪತ್ತು ವರ್ಷದಿಂದ ತಪ್ಪಿಲ್ಲ. ಮೊದಲಿನ ಮೂರೂ ನನ್ನಲ್ಲಿಲ್ಲ. ಸಿಂಕಿನ ಮುಂದೆ ನಿಂತಿದ್ದಾಗ ಇದ್ದದ್ದು ನಾಲ್ಕನೆಯದು. ಆ ಕ್ಷಣದಲ್ಲಿ ಪಾತ್ರೆಯನ್ನು ಹಾಗೇ ಇಟ್ಟಿದ್ದರೆ ಎದೆ ಒಡೆದು ಹೋಗುತ್ತದೆ ಅನ್ನಿಸಿತ್ತು. ಸುರಿದಾಗ ಒಂದು ನಿಮಿಷ ಹಗುರ ಆಯಿತು. ಆಮೇಲೆ ನಾಚಿಕೆ.

ಚಿಕ್ಕಮ್ಮನ ತಟ್ಟೆ

ಕ್ಯಾಲೆಂಡರ್ ಹಾಳೆ ಮುಂದೆ ಕೂತಿದ್ದಾಗ ಚಿಕ್ಕಮ್ಮ ನೆನಪಾದರು. ನಮ್ಮ ಮನೆತನದಲ್ಲಿ "ಸಡನ್ನಾಗಿ" ಸಿಟ್ಟು ಬಂದ ಹೆಂಗಸು ಅಂದರೆ ಅವರೇ. ಮೂವತ್ತು ವರ್ಷದಿಂದ ಅವರ ಹೆಸರು ಹೇಳದೆ, "ಕೋಳಿಗೆ ಹುಳ ಹಾಕಿದೋಳು" ಅಂದರೂ ನೆಂಟರಿಗೆ ಗೊತ್ತಾಗುತ್ತದೆ.

1993ರ ಸುಮಾರು. ನನಗೆ ಹನ್ನೊಂದು ವರ್ಷ. ಒಟ್ಟು ಕುಟುಂಬ, ರೇಷ್ಮೆ ಸಾಕುತ್ತಿದ್ದೆವು. ನಾಲ್ಕನೇ ಜ್ವರ (ಹುಳ ಪೊರೆ ಬಿಡುವ ಹೊತ್ತು) ಎದ್ದ ಮೇಲೆ ಹುಳ ಮೇಯುವುದನ್ನು ನೋಡಿದವರಿಗೆ ಗೊತ್ತು. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಆ ಏಳೆಂಟು ದಿನದಲ್ಲೇ ಬೇಕು. ಹಗಲು ರಾತ್ರಿ ಅನ್ನೋದಿಲ್ಲ. ಕತ್ತಲಲ್ಲಿ ಹುಳದ ಮನೆಯಿಂದ ಬರುವ ಸದ್ದು ಹೆಂಚಿನ ಮೇಲೆ ಜಿನುಗು ಮಳೆ ಬಿದ್ದ ಹಾಗೆ. ಸೊಪ್ಪು ತರೋದು, ಹರಡೋದು, ಹಿಕ್ಕೆ ತೆಗೆಯೋದು, ರೋಗ ಬಂದ ಹಾಲುಹುಳ ಆರಿಸಿ ಬಿಸಾಡೋದು, ಊಜಿ ನೊಣ ಬರದ ಹಾಗೆ ಪರದೆ ಕಟ್ಟೋದು, ಇದೆಲ್ಲ ಅಮ್ಮ ಮತ್ತು ಚಿಕ್ಕಮ್ಮನ ಕೆಲಸ. ಗೂಡನ್ನು ಮಾರ್ಕೆಟ್ಟಿಗೆ ಒಯ್ಯೋದು, ಹರಾಜಿನಲ್ಲಿ ನಿಂತು ದುಡ್ಡು ಎಣಿಸಿಕೊಂಡು ಬರೋದು ಅಪ್ಪ ಮತ್ತು ಚಿಕ್ಕಪ್ಪನ ಕೆಲಸ.

ಅದಕ್ಕೆ ಮೂರು ವರ್ಷ ಮುಂಚೆ ಹಿಪ್ಪುನೇರಳೆ ತೋಟಕ್ಕೆ ಬೋರ್‌ವೆಲ್ ಕೊರೆಸುವಾಗ ಚಿಕ್ಕಮ್ಮನ ನಾಲ್ಕು ಬಳೆ ಗಿರವಿಗೆ ಹೋಗಿದ್ದವು. ಅವರ ತಾಯಿ ಕೊಟ್ಟಿದ್ದು. ನೀರು ಬರಲಿಲ್ಲ. ಬರೋ ಬೆಳೆಗೆ ಬಿಡಿಸಿಕೊಡ್ತೀವಿ ಅಂದರು. ವರ್ಷಕ್ಕೆ ಐದು ಬೆಳೆ ಅಂದರೂ ಎಷ್ಟು ಬೆಳೆ ಕಳೆದವು ನೋಡಿ. ಪ್ರತಿ ಸಲ ಗೂಡು ಮಾರ್ಕೆಟ್ಟಿಗೆ ಹೋದ ದಿನ ಚಿಕ್ಕಮ್ಮ ಜಗಲಿ ಮೇಲೆ ಕೂತಿರುತ್ತಿದ್ದರು. ಕೇಳುತ್ತಿರಲಿಲ್ಲ. ಕೂತಿರುತ್ತಿದ್ದರು.

ಆ ದಿನ ಮಧ್ಯಾಹ್ನ ಚಿಕ್ಕಪ್ಪ ಊಟಕ್ಕೆ ಕೂತು ಅಪ್ಪನ ಹತ್ತಿರ, ಈ ಬೆಳೆ ಚೆನ್ನಾಗಿದೆ, ಒಂದು ಸೆಕೆಂಡ್ ಹ್ಯಾಂಡ್ ಬೈಕು ನೋಡಿದ್ದೀನಿ ಅಂದರು. ಚಿಕ್ಕಮ್ಮ ಸೊಪ್ಪಿನ ಹೊರೆ ಇಳಿಸುತ್ತಿದ್ದರು. ಇಳಿಸಿದರು. ಸೆರಗಿನಿಂದ ಮುಖ ಒರೆಸಿಕೊಂಡರು. ನನ್ನ ಕಡೆ ತಿರುಗಿ, "ಪುಟ್ಟಿ, ಒಂಚೂರು ನೀರು ಕೊಡು" ಅಂದರು. ನಾನು ಚೊಂಬು ಕೊಟ್ಟೆ. ನಿಂತುಕೊಂಡೇ ಪೂರ್ತಿ ಕುಡಿದರು. ಚೊಂಬನ್ನು ನನ್ನ ಕೈಗೇ ವಾಪಸ್ ಕೊಟ್ಟರು. ಆಮೇಲೆ ಹುಳದ ಮನೆಗೆ ಹೋಗಿ ಒಂದು ತಟ್ಟೆ ಎತ್ತಿಕೊಂಡು ಬಂದು ಅಂಗಳದಲ್ಲಿ ಬೋರಲು ಹಾಕಿದರು. ಕೋಳಿಗಳು ಎಲ್ಲಿದ್ದವೋ, ಓಡಿ ಬಂದವು. ಅಜ್ಜಿ ಬಾಯಿ ಬಡಿದುಕೊಂಡರು. ಚಿಕ್ಕಪ್ಪ ಎಂಜಲು ಕೈಯಲ್ಲೇ ಎದ್ದು ಬಂದರು, ಅಪ್ಪ ತಡೆದರು.

ಇಡೀ ಬೆಳೆನೇ ಕೋಳಿಗೆ ಹಾಕಿದಳು ಅಂತ ಕತೆ ಹಬ್ಬಿತು. ನಾನು ನೋಡಿದ್ದೆ. ಮೂವತ್ತಕ್ಕೂ ಹೆಚ್ಚು ತಟ್ಟೆ ಇದ್ದವು. ಅವರು ಚೆಲ್ಲಿದ್ದು ಒಂದು. ಅವತ್ತು ರಾತ್ರಿ ಉಳಿದ ತಟ್ಟೆಗಳಿಗೆ ಸೊಪ್ಪು ಹಾಕಿದ್ದೂ ಅವರೇ. ಹುಳ ಹಣ್ಣಾಯಿತು, ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಟ್ಟರು, ಗೂಡು ಮಾರಾಯಿತು, ಬೈಕೂ ಬಂತು. ಆದರೆ ಅವತ್ತಿಂದ ಚಿಕ್ಕಮ್ಮ ಏನು ಹೇಳಿದರೂ, "ಅವಳ ಮಾತಿಗೇನು, ತಲೆ ಕೆಟ್ಟರೆ ಏನು ಬೇಕಾದ್ರೂ ಮಾಡ್ತಾಳೆ" ಅನ್ನೋ ಒಂದು ಮಾತು ಸಿದ್ಧವಾಗಿತ್ತು. ಬಳೆಯ ವಿಷಯ ಯಾರೂ ಎತ್ತಲಿಲ್ಲ. ಎತ್ತುವ ಹಕ್ಕನ್ನು ಅವರು ಆ ಒಂದು ತಟ್ಟೆಯಲ್ಲಿ ಕಳೆದುಕೊಂಡ ಹಾಗಾಗಿತ್ತು. ನನಗೆ ಅತಿ ಹೆಚ್ಚು ಬೇಸರ ತರುವುದು ಇದೇ. ಹೆಂಗಸಿನ ಸಿಟ್ಟು ಹೊರಗೆ ಬಂದ ರೀತಿ ತಪ್ಪಾದರೆ, ಸಿಟ್ಟಿನ ಕಾರಣವೂ ಸುಳ್ಳು ಅಂತ ತೀರ್ಮಾನ ಆಗಿಬಿಡುತ್ತದೆ.

ಕಾನೂನಿನ ಹಠಾತ್

ಇದರ ಬಗ್ಗೆ ಓದುತ್ತಾ ಹೋದಾಗ ನನಗೆ ಗೊತ್ತಿಲ್ಲದ ಒಂದು ವಿಷಯ ಸಿಕ್ಕಿತು. ನಮ್ಮ ಕಾನೂನಿನಲ್ಲೂ ಈ ಪದ ಇದೆ. ಗಂಭೀರ ಮತ್ತು ಹಠಾತ್ ಪ್ರಚೋದನೆಯಿಂದ ಹಿಡಿತ ತಪ್ಪಿ ಯಾರನ್ನಾದರೂ ಕೊಂದರೆ, ಅದು ಕೊಲೆ ಅನ್ನಿಸಿಕೊಳ್ಳದೆ ಅದಕ್ಕಿಂತ ಕೆಳಗಿನ ಅಪರಾಧವಾಗುತ್ತದೆ. ಹಳೆಯ ದಂಡ ಸಂಹಿತೆಯ 300ನೇ ಕಲಮಿನಲ್ಲಿ ಇದ್ದ ಈ ವಿನಾಯಿತಿ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 101ನೇ ಕಲಮಿನಲ್ಲೂ ಇದೆ. ಬೇರೆಯವರ ಜೊತೆ ಹೆಂಡತಿಯನ್ನು ಕಂಡು ತಕ್ಷಣ ಕೈ ಎತ್ತಿದ ಗಂಡನಿಗೆ ಅಳತೆ ತೆಗೆದು ಹೊಲಿದ ಅಂಗಿ ಅದು. ಹತ್ತು ವರ್ಷ ಒದೆ ತಿಂದವಳಿಗೆ ಅದು ಸರಿಹೊಂದೋದು ಕಷ್ಟ. ಅವಳು ಕಾಯುತ್ತಾಳೆ. ಕಾದಿದ್ದೇ ಅವಳ ವಿರುದ್ಧ ಸಾಕ್ಷಿಯಾಗುತ್ತದೆ.

ಇಂಗ್ಲೆಂಡಿನಲ್ಲಿ ಕಿರಣ್‌ಜಿತ್ ಅಹ್ಲುವಾಲಿಯಾ ಅನ್ನೋ ಪಂಜಾಬಿ ಹೆಣ್ಣುಮಗಳ ವಿಷಯದಲ್ಲಿ ಆಗಿದ್ದು ಅದೇ. ಹತ್ತು ವರ್ಷ ಹಿಂಸೆ ಅನುಭವಿಸಿದ ಮೇಲೆ, 1989ರಲ್ಲಿ ಒಂದು ರಾತ್ರಿ ಮಲಗಿದ್ದ ಗಂಡನಿಗೆ ಬೆಂಕಿ ಹಚ್ಚಿದರು, ಆತ ಸತ್ತ. ಮೊದಲ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. 1992ರಲ್ಲಿ ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಯಿತು. ಮರುವಿಚಾರಣೆಯಲ್ಲಿ, ಅವರ ಮನಸ್ಸು ಸ್ವಸ್ಥ ಸ್ಥಿತಿಯಲ್ಲಿರಲಿಲ್ಲ ಅಂತ ಕಡಿಮೆ ಅಪರಾಧಕ್ಕೆ ಇಳಿಸಿ, ಅಷ್ಟರಲ್ಲಿ ಕಳೆದಿದ್ದ ಜೈಲುವಾಸವನ್ನೇ ಶಿಕ್ಷೆ ಅಂತ ಪರಿಗಣಿಸಿ ಬಿಟ್ಟರು. ಆಮೇಲೆ 2009ರ ಒಂದು ಕಾಯ್ದೆಯಲ್ಲಿ ಆ ದೇಶ, ಹಿಡಿತ ತಪ್ಪಿದ್ದು ಹಠಾತ್ ಆಗಿಯೇ ಇರಬೇಕಿಲ್ಲ ಅಂತ ಬರೆದುಕೊಂಡಿತು. ನಮ್ಮ ಮದ್ರಾಸ್ ಹೈಕೋರ್ಟು ಕೂಡ 1989ರ ಒಂದು ತೀರ್ಪಿನಲ್ಲಿ ಬಹುಕಾಲದಿಂದ ಕೂಡಿ ಬಂದ ಪ್ರಚೋದನೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ. ಒಂದು ಜೀವ ಹೋದದ್ದನ್ನು ನಾನು ಸರಿ ಅನ್ನುತ್ತಿಲ್ಲ. ಬಸ್ಸಾರಿಗೂ ಕೊಲೆಗೂ ಹೋಲಿಕೆ ಮಾಡುತ್ತಿಲ್ಲ. ಗಡಿಯಾರವನ್ನು ಯಾವ ನಿಮಿಷದಿಂದ ಎಣಿಸಬೇಕು ಅನ್ನೋ ಪ್ರಶ್ನೆ ಮಾತ್ರ ಎರಡು ಕಡೆಯೂ ಒಂದೇ.

ಅವರೆಕಾಯಿ ಹಿತುಕುತ್ತಾ

ಅದರ ಮುಂದಿನ ಭಾನುವಾರ ಊರಿಗೆ ಹೋಗಿ ಚಿಕ್ಕಮ್ಮನನ್ನು ನೋಡಿದೆ. ಅಣ್ಣನ ಮನೆಗೆ ಹೋಗಲಿಲ್ಲ, ನೇರ ಅವರ ಮನೆಗೇ ಹೋದೆ. ಚಿಕ್ಕಪ್ಪ ಹೋಗಿ ಆರು ವರ್ಷ ಆಯಿತು. ರೇಷ್ಮೆ ಬಿಟ್ಟು ಅದಕ್ಕಿಂತ ಜಾಸ್ತಿ ವರ್ಷ ಆಗಿದೆ. ಚಿಕ್ಕಮ್ಮ ಮೊರ ಮುಂದಿಟ್ಟುಕೊಂಡು, ರಾತ್ರಿ ನೆನೆಹಾಕಿದ್ದ ಅವರೆಕಾಳು ಹಿತುಕುತ್ತಿದ್ದರು. ನಾನೂ ಕೂತೆ. ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಜಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಆ ಕೆಲಸ ಮಾಡುವಾಗ ಮುಖ ನೋಡಬೇಕಾಗಿಲ್ಲ, ಅದಕ್ಕೇ ಏನು ಬೇಕಾದರೂ ಕೇಳಬಹುದು. ಕೇಳಿದೆ. "ಚಿಕ್ಕಮ್ಮ, ಆವತ್ತು ಯಾಕೆ ಅಷ್ಟು ಸಿಟ್ಟು ಬಂತು?"

ಅವರು ಸ್ವಲ್ಪ ಹೊತ್ತು ಸುಮ್ಮನೆ ಹಿತುಕಿದರು. "ಆವತ್ತು ಸಿಟ್ಟೆಲ್ಲಿ ಬಂತು ಪುಟ್ಟಿ? ಸಿಟ್ಟು ಬಂದಿದ್ದು ಬಳೆ ಬಿಚ್ಚಿಕೊಟ್ಟ ದಿನ. ಆವತ್ತು ಬಂದಿದ್ದು ಸುಸ್ತು" ಅಂದರು.

ಇಪ್ಪತ್ತು ಕಾಳು ಹಿತುಕುವಷ್ಟು ಹೊತ್ತು ನನಗೆ ಮಾತು ಬರಲಿಲ್ಲ. ಸಿಟ್ಟನ್ನು ಹಿಡಿದಿಟ್ಟುಕೊಳ್ಳೋದು ಒಂದು ಕೆಲಸ, ಸೊಪ್ಪು ಹೊರುವ ಹಾಗೆ, ಅದಕ್ಕೂ ಮೈ ಸೋಲುತ್ತದೆ ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ. ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ 1997ರಲ್ಲಿ 180 ಹೆಣ್ಣುಮಕ್ಕಳಿಗೆ ದುಃಖದ ಮತ್ತು ನಗು ಬರಿಸುವ ಸಿನಿಮಾ ತುಣುಕು ತೋರಿಸಿ, ಕೆಲವರಿಗೆ ಮುಖದಲ್ಲಿ ಏನೂ ಕಾಣಿಸದ ಹಾಗೆ ಇರಿ ಅಂದಿದ್ದರು. ಅವರ ಮುಖ ಶಾಂತವಾಗಿತ್ತು. ಮೈಯೊಳಗೆ ಮಾತ್ರ ಹೃದಯ, ರಕ್ತನಾಳಗಳ ಮೇಲಿನ ಒತ್ತಡ ಜಾಸ್ತಿಯಾಗಿತ್ತು. ಅದು ಕೆಲವೇ ನಿಮಿಷದ ಪ್ರಯೋಗ. ಚಿಕ್ಕಮ್ಮನದು ಮೂರು ವರ್ಷ.

ಆಮೇಲೆ ಅವರೇ ಇನ್ನೊಂದು ಮಾತು ಹೇಳಿದರು. ನಾನು ಕೇಳದೆ ಬಂದ ಮಾತು. "ಹುಳ ಚೆಲ್ಲಿದ್ದಕ್ಕೆ ನಂಗೆ ಬೇಜಾರಿಲ್ಲ. ಅವತ್ತು ರಾತ್ರಿ ನಿನ್ನ ತಮ್ಮನಿಗೆ ಹೊಡೆದೆ. ನಾಲ್ಕು ವರ್ಷದ ಕೂಸು. ನಿದ್ದೆಗಣ್ಣಲ್ಲಿ ನೀರು ಕೇಳ್ತು ಅಷ್ಟೆ. ಕೆನ್ನೆ ಮೇಲೆ ಐದು ಬೆರಳೂ ಮೂಡಿತ್ತು. ಹುಳದ ಕತೆ ಊರಿಗೆಲ್ಲ ಗೊತ್ತು, ಇದು ಯಾರಿಗೂ ಗೊತ್ತಿಲ್ಲ. ಅವನಿಗೂ ನೆನಪಿಲ್ಲ." ಅವರ ಕೈ ನಿಂತಿರಲಿಲ್ಲ. ಬೇಳೆ ಬೀಳುತ್ತಲೇ ಇತ್ತು.

ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ತಲೆಯಲ್ಲಿ ಇದ್ದದ್ದು ಆ ಕೆನ್ನೆ. ಅಲ್ಲಿಯವರೆಗೂ ನಾನು ನನ್ನ ಪರವಾಗಿ ಒಂದು ಒಳ್ಳೇ ವಾದ ಕಟ್ಟಿಕೊಂಡಿದ್ದೆ. ಸಿಟ್ಟು ಹಳೆಯದು, ಕಾರಣ ದೊಡ್ಡದು, ಪಾತ್ರೆ ಸುಮ್ನೆ ನೆಪ. ಇದೆಲ್ಲ ನಿಜವೇ. ಆದರೆ ನನ್ನ ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ಮಗ್ಗಿ ತಪ್ಪಿದ್ದಕ್ಕೆ ಸ್ಕೇಲಿನಲ್ಲಿ ಎರಡು ಬಾರಿಸಿದ್ದೆ. ಸ್ಕೇಲು ಮುರಿದಿತ್ತು. ಆ ವಾರ ನನಗೆ ಬೇರೆ ಏನೋ ನಡೆದಿತ್ತು, ಏನು ಅಂತ ಈಗ ನೆನಪಿಲ್ಲ. ಅವಳಿಗೆ ಗೊತ್ತಿದ್ದದ್ದು ಮಗ್ಗಿ ಮಾತ್ರ. ನನ್ನ ಹಿಂದಿನ ಕಾರಣಗಳನ್ನೆಲ್ಲ ನೋಡುವ ದಾರಿ ಆರು ವರ್ಷದ ಮಗುವಿಗೆ ಇರಲಿಲ್ಲ. ಅವಳಿಗೆ ಅದು ನಿಜವಾಗಲೂ ಸಡನ್ನೇ. ಮೇಲಿನವರ ಮೇಲಿನ ಸಿಟ್ಟು ಕೆಳಗಿನವರ ಮೇಲೆ ಬೀಳುತ್ತದೆ, ಹೆಂಗಸಿಗಿಂತ ಕೆಳಗೆ ಮನೆಯಲ್ಲಿ ಸಾಮಾನ್ಯವಾಗಿ ಇರೋದು ಮಕ್ಕಳು. ಗಾದೆಯ ಕೊತ್ತಿ ಯಾರು ಅಂತ ನನಗೆ ಆಗ ಗೊತ್ತಾಯಿತು.

ಬಸ್ಸು ಇಳಿದವಳು ಮನೆಗೆ ಹೋಗಿ ಮಗಳಿಗೆ ಆ ಸ್ಕೇಲಿನ ವಿಷಯ ಹೇಳಿ ತಪ್ಪಾಯಿತು ಅಂದೆ. ಅವಳಿಗೆ ನೆನಪಿತ್ತು. "ನೀಲಿ ಸ್ಕೇಲು" ಅಂದಳು.

ಆ ಕ್ಷಣಕ್ಕೆ ಮುಂಚೆ

ಸಿಟ್ಟನ್ನು ಹೊರಹಾಕಿಬಿಟ್ಟರೆ ಕಡಿಮೆಯಾಗುತ್ತದೆ, ದಿಂಬಿಗೆ ಗುದ್ದಿ, ಕಿರುಚಿ ಅಂತ ಹೇಳುವವರಿದ್ದಾರೆ. ನಾನೂ ನಂಬಿದ್ದೆ. ಬ್ರಾಡ್ ಬುಶ್‌ಮನ್ 2002ರಲ್ಲಿ 600 ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದಾಗ ಫಲಿತಾಂಶ ಉಲ್ಟಾ ಬಂತು. ಸಿಟ್ಟು ತಂದವರನ್ನೇ ನೆನೆಸಿಕೊಂಡು ಗುದ್ದಿದವರ ಸಿಟ್ಟು ಜಾಸ್ತಿಯಾಯಿತು. ಏನೂ ಮಾಡದೆ ಎರಡು ನಿಮಿಷ ಸುಮ್ಮನೆ ಕೂತವರದ್ದು ಎಲ್ಲರಿಗಿಂತ ಕಡಿಮೆ ಇತ್ತು. ಹಾಗಾದರೆ ಹೊರಹಾಕಿದರೂ ಕಷ್ಟ, ಒಳಗಿಟ್ಟರೂ ಕಷ್ಟ. ನನಗೆ ಉಳಿದಿರುವ ದಾರಿ ಅಂದರೆ, ಸಿಟ್ಟು ಇನ್ನೂ ಚಿಕ್ಕದಿರುವಾಗಲೇ, ಅದು ಯಾರಿಗೆ ಸೇರಿದ್ದೋ ಅವರಿಗೆ ಮಾತಿನಲ್ಲಿ ಮುಟ್ಟಿಸೋದು. ಅದು ಎಷ್ಟು ಕಷ್ಟ ಅಂತ ಹೆಣ್ಣುಮಕ್ಕಳಿಗೆ ಗೊತ್ತು. "ಆಯ್ತಣ್ಣ" ಅನ್ನೋ ಮಾತು ನನ್ನ ಬಾಯಿಗೆ ಉಸಿರಿನಷ್ಟು ಸಲೀಸು. ತಾಳಿದವನು ಬಾಳಿಯಾನು ಅಂತ ಗಂಡಸಿನ ಹೆಸರಲ್ಲಿ ಗಾದೆ ಇದ್ದರೂ ಅದನ್ನು ಹೆಚ್ಚಾಗಿ ಹೇಳಿಸಿಕೊಂಡವರು ನಾವೇ.

ದೇಹದ ವಿಷಯವನ್ನೂ ಬಿಡಬಾರದು. ಮುಟ್ಟಿನ ಮುಂಚಿನ ವಾರ ಕೆಲವರಿಗೆ ಸಿಟ್ಟು, ಕುಸಿತ ಎಷ್ಟು ತೀವ್ರವಾಗಿರುತ್ತದೆ ಅಂದರೆ, ಅದನ್ನು ಪಿಎಂಡಿಡಿ ಅಂತ ಬೇರೆಯೇ ಕಾಯಿಲೆಯಾಗಿ ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಸೇರಿಸಿಕೊಂಡಿದೆ. ಅದಕ್ಕೆ ಚಿಕಿತ್ಸೆ ಇದೆ. ನಲವತ್ತು ದಾಟಿದ ಮೇಲೆ ಮುಟ್ಟು ನಿಲ್ಲುವ ಹೊತ್ತಿನಲ್ಲಿ ನಿದ್ದೆ ಕೆಟ್ಟು ರೇಗೋದು ಜಾಸ್ತಿಯಾಗುತ್ತದೆ, ನನಗೂ ಆಗುತ್ತಿದೆ. ಇದನ್ನು ಡಾಕ್ಟರ ಹತ್ತಿರ ಹೇಳಿಕೊಳ್ಳಬೇಕು. ಆದರೆ ಹೆಂಗಸು ಬಾಯಿ ತೆರೆದಾಗಲೆಲ್ಲ "ಡೇಟ್ ಹತ್ತಿರ ಬಂತಾ?" ಅಂತ ಕೇಳುವವರಿಗೆ ನಾನು ಹೇಳೋದಿಷ್ಟೇ: ಆ ದಿನಗಳಲ್ಲಿ ತಡೆಯುವ ಬಲ ಕಡಿಮೆ ಇರಬಹುದು, ತಡೆದುಕೊಂಡಿದ್ದ ವಿಷಯ ತಿಂಗಳ ಉಳಿದ ದಿನಗಳಲ್ಲೂ ಅಲ್ಲೇ ಇರುತ್ತದೆ.

ಆ ತುರ್ತು ನಿಮ್ಮದೇ ಜೀವದ ಕಡೆ ತಿರುಗಿದರೆ ದಯವಿಟ್ಟು ಒಬ್ಬರೇ ಇರಬೇಡಿ. 14416 ಟೆಲಿ ಮನಸ್ ಸಹಾಯವಾಣಿ. 2022ರ ಅಕ್ಟೋಬರಿನಿಂದ ಇದೆ, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆ ಕ್ಷಣ ಕಳೆದುಹೋಗುತ್ತದೆ. ಅದು ಕಳೆಯುವವರೆಗೆ ಪಕ್ಕದ ಮನೆಯವರ ಜಗಲಿ ಮೇಲಾದರೂ ಹೋಗಿ ಕೂತುಕೊಳ್ಳಿ.

ನನ್ನ ವಿಷಯಕ್ಕೆ ಬಂದರೆ, ಮೊನ್ನೆ ಅಣ್ಣನಿಗೆ ನಾನೇ ಫೋನ್ ಮಾಡಿದೆ. ಅದಕ್ಕೆ ಮುಂಚೆ ಕಾನೂನು ಏನು ಅಂತ ತಿಳಿದುಕೊಂಡಿದ್ದೆ. ಪಿತ್ರಾರ್ಜಿತ ಆಸ್ತಿಯಲ್ಲಿ, ಆಗ ಇನ್ನೂ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಸಮಪಾಲು ಕೊಟ್ಟಿದೆ. 2005ರಲ್ಲಿ ದೇಶಕ್ಕೆಲ್ಲ ಕಾನೂನು ಬಂತು, ಮದುವೆಯಾದ ಹೆಣ್ಣುಮಕ್ಕಳೂ ಸೇರಿದರು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ಹೇಳಿದೆ. ಇದೆಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಕೈಯಲ್ಲಿ ಹಿಡಿದಿದ್ದೆ. ಫೋನಿನಲ್ಲಿ ಅದನ್ನು ಓದಲಿಲ್ಲ. ಮಧ್ಯಾಹ್ನದ ಹೊತ್ತು ಆರಿಸಿಕೊಂಡಿದ್ದೆ, ಊಟ ಆಗಿತ್ತು, ಮನಸ್ಸು ತಣ್ಣಗಿತ್ತು. "ಅಣ್ಣ, ನಾನು ಆವತ್ತು ಆಯ್ತು ಅಂದೆ. ಅನ್ನಬಾರದಾಗಿತ್ತು. ಕೂತು ಮಾತಾಡದೆ ನಾನು ಸೈನ್ ಹಾಕಲ್ಲ" ಅಂದೆ. ದನಿ ಏರಿಸಲಿಲ್ಲ. ಅಳಲೂ ಇಲ್ಲ.

ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅಣ್ಣ, "ಇದೇನಮ್ಮಾ, ಸಡನ್ನಾಗಿ ಹಿಂಗಂತೀಯ? ಯಾರಾದ್ರೂ ಹೇಳ್ಕೊಟ್ರಾ?" ಅಂದರು.

"ಇಲ್ಲಣ್ಣ. ಅಪ್ಪನ ಹನ್ನೊಂದನೇ ದಿನ ನೀನು ಮೊದಲನೇ ಸಲ ಈ ಮಾತು ಎತ್ತಿದೆಯಲ್ಲ, ಅವತ್ತಿಂದ ಇದೆ. ಒಂಬತ್ತು ವರ್ಷ ಆಯ್ತು."

ಅವರು ಉತ್ತರ ಕೊಡಲಿಲ್ಲ. ಹಿಂದುಗಡೆ ಅತ್ತಿಗೆ ಏನೋ ಕೇಳುತ್ತಿದ್ದದ್ದು ನನಗೆ ಕೇಳಿಸಿತು. ಬರೋ ಭಾನುವಾರ ಬಾ ಅಂದು ಇಟ್ಟರು. ಹೋಗುತ್ತೇನೆ. ಹಿತಕಿದ ಬೇಳೆ ತಗೊಂಡು ಹೋಗು ಅಂತ ಚಿಕ್ಕಮ್ಮನೂ ಹೇಳಿದ್ದಾರೆ, ಹೋಗುವಾಗ ಅವರ ಮನೆ ಕಡೆಯಿಂದಲೇ ಹೋಗಬೇಕು.